ಹನ್ನೊಂದು ನಿಮಿಷ ಮುಂದಿದ್ದ ಗಡಿಯಾರ

ಸರ್ವರ್ ಕೋಣೆಯ ಬೀಗದ ಕೈ ನಿಮಗೆ ಕೊಡುವ ದಿನ ಪಾಸ್‌ವರ್ಡ್‌ಗಳ ಪಟ್ಟಿ ಕೊಡುತ್ತಾರೆ, ಯು.ಪಿ.ಎಸ್. ತೋರಿಸುತ್ತಾರೆ, ಎ.ಸಿ. ಕೆಟ್ಟರೆ ಯಾರಿಗೆ ಫೋನ್ ಮಾಡಬೇಕೆಂದು ಹೇಳುತ್ತಾರೆ. ಗಡಿಯಾರದ ಮಾತನ್ನು ಯಾರೂ ಎತ್ತುವುದಿಲ್ಲ. ನನ್ನ ಹತ್ತಿರವೂ ಯಾರೂ ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಇಂಥ ಬರಹಗಳನ್ನು ಸಾಮಾನ್ಯವಾಗಿ ಅರವತ್ತು ದಾಟಿದವರು ಬರೆಯುತ್ತಾರೆ. ನನಗೆ ಮೂವತ್ತನಾಲ್ಕು. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯಲ್ಲಿ, ಮಲವಗೊಪ್ಪ ದಾಟಿದ ಮೇಲೆ ಇದ್ದ ಒಂದು ಎರಕದ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಕಂಪ್ಯೂಟರ್ ವಿಭಾಗ ನೋಡಿಕೊಂಡೆ. ವಿಭಾಗ ಎಂದರೆ ನಾನೊಬ್ಬಳೇ. ಈಗ ಬಿಟ್ಟಿದ್ದೇನೆ, ಮತ್ತೆ ಆ ಕೆಲಸಕ್ಕೆ ಹೋಗುವುದಿಲ್ಲ. ಆ ಮಟ್ಟಿಗೆ ಇದು ನಿವೃತ್ತಿಯೇ. ನನ್ನ ಮನೆಯ ವಿಷಯ, ನನ್ನ ವಿಷಯ ಇಲ್ಲಿ ಬೇಡ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಗಡಿಯಾರದ ಬಗ್ಗೆ ಹೇಳಬೇಕಾದದ್ದು ಒಂದಿದೆ. ಅದನ್ನು ಸಮಾಧಾನದಿಂದ ಹೇಳಲು ಎರಡು ಸಲ ಬರೆದು ಹರಿದೆ. ಸಮಾಧಾನ ಬರಲಿಲ್ಲ.

ಸೇರಿದ ಎರಡನೇ ತಿಂಗಳು ಒಂದು ಬೆಳಿಗ್ಗೆ ಸರ್ವರ್ ಯಾರ ಪಾಸ್‌ವರ್ಡನ್ನೂ ಒಪ್ಪಲಿಲ್ಲ. ಕರೆಂಟ್ ಹೋಗಿ ಬಂದಿತ್ತು. ಎರಡು ಗಂಟೆ ಹುಡುಕಿದ ಮೇಲೆ ನೋಡಿದರೆ ಅದರ ತಾರೀಖು ಹದಿನೈದು ವರ್ಷ ಹಿಂದಕ್ಕೆ ಹೋಗಿತ್ತು. ಒಳಗೆ ಗಡಿಯಾರ ನಡೆಸುವ ಕೋಟಿನ ಗುಂಡಿಯಷ್ಟು ಸಣ್ಣ ಬ್ಯಾಟರಿ ಸತ್ತಿತ್ತು. ಹೊಸದನ್ನು ತರಿಸಲು ಕಾಗದ ಹಾಕಿದರೆ ವಾರ ಹಿಡಿಯುತ್ತಿತ್ತು. ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದು ಗಾಂಧಿ ಬಜಾರಿನಲ್ಲಿ ಗಡಿಯಾರ ರಿಪೇರಿ ಮಾಡುವ ಮುದುಕರೊಬ್ಬರ ಹತ್ತಿರ ಕೊಂಡೆ.

"ಇದು ಗಡಿಯಾರಾನ ಓಡಿಸುತ್ತೆ ಕಣಮ್ಮ, ಸರಿಯಾಗಿ ಓಡಿಸುತ್ತೆ ಅಂತ ಏನಿಲ್ಲ," ಎಂದರು ಅವರು, ಬ್ಯಾಟರಿಯನ್ನು ಪೊಟ್ಟಣ ಕಟ್ಟುತ್ತಾ. "ಒಂದೊಂದು ಗಡಿಯಾರಕ್ಕೂ ಒಂದೊಂದು ಚಾಳಿ. ಒಂದು ದಿನಾ ನಾಲ್ಕು ಸೆಕೆಂಡು ಮುಂದೆ, ಇನ್ನೊಂದು ಎರಡು ಹಿಂದೆ. ಚಾಳಿ ಗೊತ್ತಾದ್ರೆ ಸಾಕು, ಬಗ್ಗಿಸಬಹುದು."

ಮೇಜಿನ ಕೆಳಗಿನಿಂದ ಒಂದು ನೋಟ್‌ಬುಕ್ ತೆಗೆದು ತೋರಿಸಿದರು. ರಿಪೇರಿಗೆ ಬಂದ ಪ್ರತಿ ಗಡಿಯಾರ ಒಂದು ವಾರದಲ್ಲಿ ಎಷ್ಟು ಮುಂದೆ, ಎಷ್ಟು ಹಿಂದೆ ಹೋಯಿತು ಎಂದು ಬರೆದಿದ್ದರು. ನಾನು ವಿಶ್ವವಿದ್ಯಾಲಯದಲ್ಲಿ ಓದಿದ್ದೆ, ಇದನ್ನು ಓದಿರಲಿಲ್ಲ. ನೆಟ್‌ವರ್ಕಿನ ಮೂಲಕ ಸಮಯ ಹೊಂದಿಸುವ ಪ್ರೋಗ್ರಾಂ ಮಾಡುವುದೂ ಇದನ್ನೇ ಎಂದು ಆಮೇಲೆ ತಿಳಿಯಿತು. ಅದು ಹೊರಗಿನ ನಂಬಿಕಸ್ಥ ಗಡಿಯಾರಗಳನ್ನು ಆಗಾಗ ಕೇಳುತ್ತದೆ, ತನ್ನ ಯಂತ್ರದ ಚಾಳಿಯನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ, ಅದರಂತೆ ತಿದ್ದುತ್ತಾ ಹೋಗುತ್ತದೆ.

ನಮ್ಮ ಸರ್ವರಿಗೆ ಅದು ಸಾಧ್ಯವಿರಲಿಲ್ಲ. ಕಂಪನಿಯ ಇನ್ನೊಂದು ಘಟಕಕ್ಕೆ ವೈರಸ್ ನುಗ್ಗಿದ ಮೇಲೆ, ಸರ್ವರಿನಿಂದ ಹೊರಗೆ ಹೋಗುವ ದಾರಿಗಳನ್ನೆಲ್ಲ ಮುಚ್ಚಿಸಿದ್ದರು. ಸಮಯ ಕೇಳುವ ದಾರಿಯೂ ಅದರಲ್ಲಿ ಸೇರಿತ್ತು. ಅದೊಂದನ್ನು ತೆರೆಯಿರಿ ಎಂದು ಮೂರು ವರ್ಷದಲ್ಲಿ ಮೂರು ಮನವಿ ಕೊಟ್ಟೆ. ಅವು ಸಿಬ್ಬಂದಿ ವಿಭಾಗದ ಮ್ಯಾನೇಜರ್ ಜಯದೇವ್ ಅವರ ಮೇಜಿಗೆ ಹೋಗುತ್ತಿದ್ದವು. ಕಾರ್ಖಾನೆಯಲ್ಲಿ ಹಾಜರಿ, ಕಂಪ್ಯೂಟರು, ಕ್ಯಾಂಟೀನು ಮೂರೂ ಅವರ ಕೈಯಲ್ಲಿದ್ದವು.

"ಹೊರಗಿನವರ ಟೈಂ ನಮಗ್ಯಾಕಮ್ಮ? ನಮ್ಮಲ್ಲಿ ಗಡಿಯಾರ ಇಲ್ವಾ?" ಎಂದರು.

ಇತ್ತು. ಅದನ್ನೇ ಈಗ ಹೇಳುವುದು.

ಟೈಂ ಆಫೀಸಿನ ಶಿವಾನಂದಪ್ಪನವರು ಹೊಳಲೂರಿನವರು. ಮೂವತ್ತು ವರ್ಷ ಕಾರ್ಮಿಕರ ಹಾಜರಿ ಬರೆದವರು. ಗೇಟಿಗೆ ಬೆರಳು ಇಟ್ಟು ಹಾಜರಿ ಹಾಕುವ ಯಂತ್ರ ಬಂದಾಗ ಪುಸ್ತಕ ಹೋಯಿತು, ಅವರು ಉಳಿದರು. ಯಂತ್ರಕ್ಕೆ ತನ್ನದೇ ಸಮಯವಿಲ್ಲ, ಸರ್ವರ್ ಹೇಳಿದ್ದೇ ಅದಕ್ಕೆ ಸಮಯ. ಹಾಗಾಗಿ ಪ್ರತಿ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸರ್ವರಿನ ಗಡಿಯಾರ ಸರಿಪಡಿಸುವ ಕೆಲಸವನ್ನು ಜಯದೇವ್ ಅವರು ಶಿವಾನಂದಪ್ಪನವರಿಗೆ ವಹಿಸಿದ್ದರು. ನಾನು ಸೇರುವ ಮೊದಲಿನಿಂದಲೂ ಅದು ನಡೆದಿತ್ತು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಸಣ್ಣ ಚೀಟಿ. ಚಪ್ಪಲಿ ಹೊರಗೆ ಬಿಟ್ಟು ಸರ್ವರ್ ಕೋಣೆಗೆ ಬರುತ್ತಿದ್ದರು. ಚೀಟಿ ನೋಡಿ ಎರಡು ಬೆರಳಲ್ಲಿ ಅಂಕಿ ಒತ್ತಿ, "ಆಯ್ತಮ್ಮ, ಈ ವಾರಕ್ಕೆ ಸಾಕು," ಎಂದು ಹೋಗುತ್ತಿದ್ದರು. ನಾನು ನಗುತ್ತಿದ್ದೆ. ಚೀಟಿಯಲ್ಲಿ ಏನಿದೆ ಎಂದು ಕೇಳಲಿಲ್ಲ. ಅವರಷ್ಟು ವಯಸ್ಸಾದವರನ್ನು ತಪಾಸಣೆ ಮಾಡಿದಂತಾಗುತ್ತದೆ ಎಂಬ ಸಂಕೋಚ. ಈ ಸಂಕೋಚವನ್ನು ನೀವು ಇಟ್ಟುಕೊಳ್ಳಬೇಡಿ.

ಸೆಲ್ವಿ ಕೋರ್ ವಿಭಾಗದಲ್ಲಿದ್ದರು. ಎರಕದ ಒಳಗೆ ಟೊಳ್ಳು ಬರಲಿ ಎಂದು ಮರಳಿನ ಅಚ್ಚು ಮಾಡಿ ಇಡುತ್ತಾರಲ್ಲ, ಆ ಕೆಲಸ. ಭದ್ರಾವತಿಯವರು, ಮನೆಯಲ್ಲಿ ತಮಿಳು. ಗುತ್ತಿಗೆಯ ಮೇಲೆ ಹನ್ನೊಂದು ವರ್ಷ. ಆ ವರ್ಷ ಗುತ್ತಿಗೆಯವರಲ್ಲಿ ಕೆಲವರನ್ನು ಕಾಯಂ ಮಾಡುವ ಪಟ್ಟಿ ತಯಾರಾಗುತ್ತಿತ್ತು, ಅದರಲ್ಲಿ ಅವರ ಹೆಸರಿತ್ತು. ಪಟ್ಟಿಗಾಗಿ ಹಿಂದಿನ ಆರು ತಿಂಗಳ ಹಾಜರಿಯನ್ನು ಸೆಕೆಂಡಿನ ಲೆಕ್ಕದಲ್ಲಿ ನೋಡುತ್ತಿದ್ದರು, ಅದರಲ್ಲಿ ದೋಷವಿದ್ದರೆ ಹೆಸರು ಹೋಗುತ್ತದೆ. ಅಂಥ ಪಟ್ಟಿ ಮತ್ತೆ ಯಾವಾಗ ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಪಾಳಿ ಮುಗಿಯುವ ಮೊದಲು ಅವರು ಸರ್ವರ್ ಕೋಣೆಯ ಬಾಗಿಲಿಗೆ ಬಂದರು. ಕೈಯಲ್ಲಿ ಮೂರು ಮೆಮೊ.

"ಮೇಡಂ, ನಿಮ್ಮ ಮಿಷಿನ್ ಓಡ್ತದೆ."

"ಏನು ಓಡುತ್ತೆ?"

"ಟೈಮು. ನಾನು ಬೆರಳು ಇಟ್ಟು ಒಳಗೆ ಬರ್ತೀನಿ. ಕೋಟು ಹಾಕ್ತೀನಿ. ಟೀ ಕುಡೀತೀನಿ. ಆಮೇಲೆ ಆರು ಗಂಟೆ ಸೈರನ್ ಆಗ್ತದೆ. ಮಿಷಿನ್ ಮಾತ್ರ ನಾನು ಲೇಟ್ ಅಂತದೆ. ಟೀ ಕುಡಿದವಳು ಲೇಟ್ ಹೆಂಗೆ ಆಗ್ತಾಳೆ, ನೀವೇ ಹೇಳಿ."

"ಜಯದೇವ್ ಸಾರ್‌ಗೆ ಹೇಳಿದ್ರಾ?"

"ಹೇಳ್ದೆ. ಸೈರನ್ ವಾಚ್‌ಮನ್ ಕೈಯದು, ಸರ್ವರ್ ಕಂಪ್ಯೂಟರು, ಯಾವುದನ್ನ ನಂಬಬೇಕು ಅಂತ ಕೇಳಿದ್ರು."

ಮೆಮೊಗಳನ್ನು ನೋಡಿದೆ. ಒಂದು ನಿಮಿಷ ತಡ. ಮುಕ್ಕಾಲು ನಿಮಿಷ ತಡ. ಒಂದೂವರೆ ನಿಮಿಷ ತಡ. ಒಂದರ ಕೆಳಗೆ ಜಯದೇವ್ ಅವರ ಕೈಬರಹ: 'ಮಂಗಳವಾರ, ಬುಧವಾರ ಸರಿಯಾಗಿ ಬರುತ್ತಾರೆ. ವಾರ ಕಳೆದಂತೆ ಮೈಗಳ್ಳತನ. ಸೋಮವಾರ ಭಾನುವಾರದ ಅಮಲು ಇಳಿದಿರುವುದಿಲ್ಲ.' ಇದನ್ನು ಓದಿದಾಗ ಬಂದ ಸಿಟ್ಟು ಇವತ್ತಿಗೂ ಹಾಗೇ ಇದೆ. ಮಳೆಯಾಗಲಿ ಜ್ವರವಾಗಲಿ ದಿನವೂ ಅದೇ ಬಸ್ಸಿಗೆ ಬರುವ ಹೆಂಗಸಿನ ಬಗ್ಗೆ ಒಬ್ಬ ಅಧಿಕಾರಿ ಎಷ್ಟು ಸಲೀಸಾಗಿ ಬರೆದಿದ್ದರು. ಬರೆಯುವ ಮೊದಲು ಒಂದು ದಿನ ಗೇಟಿನ ಹತ್ತಿರ ನಿಂತು ನೋಡಿರಲಿಲ್ಲ.

ನನ್ನ ಫೋನನ್ನು ಸರ್ವರಿನ ಪರದೆಯ ಪಕ್ಕ ಹಿಡಿದೆ. ಸರ್ವರ್ ಹನ್ನೊಂದು ನಿಮಿಷ ಹದಿನೈದು ಸೆಕೆಂಡು ಮುಂದಿತ್ತು.

ಇನ್ನು ನನ್ನ ತಪ್ಪು. ಇಷ್ಟು ಹೊತ್ತು ಬೇರೆಯವರ ಮೇಲೆ ಸಿಟ್ಟು ಮಾಡಿದ್ದಕ್ಕೆ ಇದನ್ನು ಬಚ್ಚಿಡುವುದಿಲ್ಲ. ಆ ಕ್ಷಣದಲ್ಲೇ ಕೂತು ಗಡಿಯಾರವನ್ನು ಹನ್ನೊಂದು ನಿಮಿಷ ಹಿಂದಕ್ಕೆ ತಳ್ಳಿದೆ. ಎಷ್ಟು ಮುಂದಿತ್ತೆಂದು ಎಲ್ಲೂ ಬರೆಯಲಿಲ್ಲ, ಪರದೆಯ ಫೋಟೊ ತೆಗೆಯಲಿಲ್ಲ. ಎರಡು ಗಂಟೆಗೆ ಪಾಳಿ ಬದಲಾಗುವ ಹೊತ್ತು. ಆಗಲೇ ಬೆರಳು ಇಟ್ಟು ಒಳಗೆ ಬಂದವರ ಹೆಸರು ಇನ್ನೂ ಬಾರದ ಸಮಯಕ್ಕೆ ದಾಖಲಾಗಿತ್ತು. ಬಂದ ಕೂಡಲೇ ಟೀಗೆಂದು ಹೊರಗೆ ಹೋದ ಕೆಲವರು ಬರುವ ಮೊದಲೇ ಹೋದಂತಾಯಿತು. ಮುಂದೆ ಹೋದ ಗಡಿಯಾರವನ್ನು ಹೀಗೆ ಹಿಂದಕ್ಕೆ ಎಳೆಯಬಾರದು. ಯಾರೂ ಬೆರಳು ಇಡದ ಹೊತ್ತು ನೋಡಿ ಅದರ ನಡಿಗೆಯನ್ನು ನಿಧಾನ ಮಾಡಿ, ನಿಜವಾದ ಸಮಯ ಬಂದು ಜೊತೆಯಾಗುವ ತನಕ ಎರಡು ಮೂರು ಗಂಟೆ ಕಾಯಬೇಕು. ಅದಕ್ಕೂ ಮೊದಲು ತಪ್ಪನ್ನು ಬರೆದಿಡಬೇಕು. ನಾನು ತಪ್ಪನ್ನು ತಿದ್ದುವ ಅವಸರದಲ್ಲಿ ತಪ್ಪಿತ್ತೆಂಬುದಕ್ಕೆ ಇದ್ದ ಒಂದೇ ಸಾಕ್ಷಿಯನ್ನು ಅಳಿಸಿಬಿಟ್ಟಿದ್ದೆ.

ಸೋಮವಾರ, ಹತ್ತು ಗಂಟೆಯ ಚೀಟಿ ಬರುವ ಮೊದಲೇ, ಜಯದೇವ್ ಅವರು ಕರೆಸಿದರು.

"ಗಡಿಯಾರ ಮುಟ್ಟು ಅಂತ ಯಾರು ಹೇಳಿದ್ರು ನಿಂಗೆ?"

"ಹನ್ನೊಂದು ನಿಮಿಷ ಮುಂದಿತ್ತು ಸಾರ್."

"ಈಗ?"

"ಈಗ ಸರಿ ಇದೆ."

"ಈಗ ಸರಿ ಇದ್ರೆ ಆಗಲೂ ಸರಿ ಇತ್ತು. ಮುಂದಿತ್ತು ಅನ್ನೋಕೆ ಏನಿದೆ ನಿನ್ನ ಹತ್ರ? ತೋರಿಸು."

ತೋರಿಸಲು ಏನೂ ಇರಲಿಲ್ಲ. ಅವರು ಒಂದು ಹಾಳೆಯನ್ನು ನನ್ನ ಕಡೆ ಸರಿಸಿದರು. ಕಳೆದ ಆರು ತಿಂಗಳಲ್ಲಿ ಸರ್ವರಿನ ಸಮಯ ನಿಖರವಾಗಿತ್ತು ಎಂದು ನಾನು ದೃಢೀಕರಿಸಬೇಕು. ಗುರುವಾರ ಸೆಲ್ವಿಯ ವಿಚಾರಣೆ, ಶುಕ್ರವಾರ ಪಟ್ಟಿ ಹೆಡ್ ಆಫೀಸಿಗೆ.

"ಓದಿ ಸಹಿ ಮಾಡ್ತೀನಿ ಸಾರ್," ಎಂದು ಹಾಳೆ ತೆಗೆದುಕೊಂಡು ಬಂದೆ. ಮಾಡುವುದಿಲ್ಲ ಎಂದು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ.

ಹೊರಗೆ ಬರುವಾಗ ಅವರ ಕೋಣೆಯ ಗೋಡೆ ಗಡಿಯಾರ ಕಣ್ಣಿಗೆ ಬಿತ್ತು. ಐದು ನಿಮಿಷ ಮುಂದೆ. ನಮ್ಮ ಕಡೆ ಅರ್ಧ ಮನೆಗಳಲ್ಲಿ ಗಡಿಯಾರವನ್ನು ಹೀಗೆ ಇಟ್ಟಿರುತ್ತಾರೆ, ಬಸ್ಸು ತಪ್ಪಬಾರದೆಂದು. ನಮ್ಮ ಮನೆಯಲ್ಲೂ ಇದೆ. ಅಲ್ಲಿಂದ ನೇರವಾಗಿ ಟೈಂ ಆಫೀಸಿಗೆ ಹೋದೆ.

"ಶಿವಾನಂದಪ್ಪನೋರೇ, ಸೋಮವಾರದ ಚೀಟಿಯಲ್ಲಿ ಟೈಂ ಎಲ್ಲಿಂದ ಬರ್ಕೊತೀರಿ?"

"ಸಾಹೇಬ್ರ ಕೋಣೆ ಗಡಿಯಾರ ನೋಡಿ. ಅದಕ್ಕೆ ಐದು ನಿಮಿಷ ಸೇರಿಸ್ತೀನಿ."

"ಐದು ಯಾಕೆ?"

"ಸಾಹೇಬ್ರೇ ಹೇಳಿದ್ದಮ್ಮ. ಐದು ನಿಮಿಷ ಮುಂದಿಟ್ರೆ ಜನ ಬೇಗ ಬರ್ತಾರೆ ಅಂತ."

"ಅವರ ಗಡಿಯಾರಾನೇ ಐದು ನಿಮಿಷ ಮುಂದೆ ಇದೆಯಲ್ಲ!"

ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. "ಅಯ್ಯೋ ಮಾರಾಯ್ತಿ," ಎಂದರು ಮೆಲ್ಲಗೆ. "ಹಂಗಾದ್ರೆ ಇಷ್ಟು ವರ್ಷ ಹತ್ತು ಇಟ್ಟೆನಾ ನಾನು?"

ಹತ್ತು. ಅದರ ಮೇಲೆ ಸರ್ವರಿನ ಸ್ವಂತ ಚಾಳಿ: ದಿನಕ್ಕೆ ಹದಿನೈದು ಸೆಕೆಂಡು ಮುಂದೆ. ಸೋಮವಾರ ಇಟ್ಟದ್ದು ಮಂಗಳವಾರ, ಬುಧವಾರ ಹತ್ತರ ಹತ್ತಿರವೇ ಇರುತ್ತಿತ್ತು. ಐದು ಐವತ್ತಕ್ಕೆ ಒಂದು ಚೂರು ಮೊದಲು ಬೆರಳು ಇಡುವ ಸೆಲ್ವಿ ಕೂದಲೆಳೆಯಲ್ಲಿ ಪಾರಾಗುತ್ತಿದ್ದರು. ಗುರುವಾರದಿಂದ ಆರು ಗಂಟೆ ದಾಟುತ್ತಿತ್ತು. ಮುಂದಿನ ಸೋಮವಾರ ಬೆಳಿಗ್ಗೆ, ಶಿವಾನಂದಪ್ಪನವರು ಚೀಟಿ ಹಿಡಿದು ಬರುವ ಮೊದಲು, ಎಲ್ಲಕ್ಕಿಂತ ಹೆಚ್ಚು. ಮೈಗಳ್ಳತನ, ಅಮಲು ಎಂದು ಬರೆದದ್ದೆಲ್ಲ ಸರ್ವರಿನ ಗಡಿಯಾರದೊಳಗೆ ಮಿಡಿಯುವ ಒಂದು ಕಲ್ಲಿನ ಹರಳಿನ ಚಾಳಿ. ಮೆಮೊ ಬಾರದ ಉಳಿದವರಲ್ಲಿ ಹೆಚ್ಚಿನವರು ಕಂಪನಿ ಬಸ್ಸಿನವರು. ಕಂಪನಿ ಬಸ್ಸು ತಡವಾದರೆ ಅದು ತಡವಲ್ಲ.

ಕಾರಣ ಸಿಕ್ಕಿತು. ಸಾಕ್ಷಿ ಸಿಗಲಿಲ್ಲ. ಮಂಗಳವಾರವಿಡೀ ಸರ್ವರಿನ ದಾಖಲೆಗಳನ್ನು ಹುಡುಕಿದೆ. ಎಲ್ಲವೂ ಅದೇ ಸುಳ್ಳು ಗಡಿಯಾರದ ಸಮಯದಲ್ಲಿ ಬರೆದವು. ಸುಳ್ಳು ಹೇಳುವವನನ್ನು ಅವನ ಮಾತಿನಿಂದಲೇ ಹಿಡಿಯಲು ಹೊರಟಂತಾಯಿತು. ಸರ್ವರಿನ ಹೊರಗೆ, ಬೇರೆ ಗಡಿಯಾರ ನೋಡಿ ಬರೆದ ಕಾಗದ ಬೇಕಿತ್ತು.

ಬುಧವಾರ ಡಿಸ್ಪ್ಯಾಚ್ ವಿಭಾಗದ ಅನ್ವರ್ ಅವರ ಪ್ರಿಂಟರ್ ಕೆಟ್ಟಿತೆಂದು ಹೋದೆ. ಲಾರಿ ಹೊರಡುವಾಗ ಅವರು ಎರಡು ಹಾಳೆ ತೆಗೆಯುತ್ತಾರೆ. ಮೊದಲು ನಮ್ಮ ಸರ್ವರಿನಿಂದ ಇನ್‌ವಾಯ್ಸ್. ಅದರ ನಂಬರ್ ನೋಡಿಕೊಂಡು ಸರ್ಕಾರದ ಜಾಲತಾಣದಲ್ಲಿ ಇ-ವೇ ಬಿಲ್, ಎಂದರೆ ಮಾಲು ಸಾಗಿಸುವ ರಹದಾರಿ. ಎರಡರ ಮೇಲೂ ಸಮಯ ಅಚ್ಚಾಗುತ್ತದೆ, ಒಂದರಲ್ಲಿ ನಮ್ಮ ಸರ್ವರಿನದು, ಇನ್ನೊಂದರಲ್ಲಿ ಸರ್ಕಾರದ್ದು. ಪ್ರಿಂಟರಿಗೆ ಸಿಕ್ಕಿಕೊಂಡಿದ್ದ ಹಾಳೆ ಎಳೆದು ತೆಗೆದಾಗ ಅದು ಹಳೆಯ ಬಿಲ್ಲು, ಅದರ ಇನ್‌ವಾಯ್ಸ್ ಪಕ್ಕದ ಮೇಜಿನ ಮೇಲಿತ್ತು. ಸುಮ್ಮನೆ ನೋಡಿದೆ, ನಿಂತೆ.

"ಅನ್ವರಣ್ಣ, ಇ-ವೇ ಬಿಲ್ ಯಾವತ್ತಾದ್ರೂ ಇನ್‌ವಾಯ್ಸ್‌ಗಿಂತ ಮೊದಲು ಮಾಡ್ತೀರಾ?"

"ಹೆಂಗೆ ಮಾಡೋದು ಮೇಡಂ? ನಂಬರೇ ಇರಲ್ಲ. ಮಗು ಹುಟ್ಟೋ ಮುಂಚೆ ಸ್ಕೂಲಿಗೆ ಸೇರ್ಸಿ ಅಂದಂಗಾಯ್ತು."

"ಈ ಲಾರಿಯ ಇನ್‌ವಾಯ್ಸ್ ಹತ್ತು ನಲವತ್ತಕ್ಕೆ. ಬಿಲ್ಲು ಹತ್ತು ಮೂವತ್ತೆರಡಕ್ಕೆ."

ಅವರು ಹಾಳೆ ಕಸಿದುಕೊಂಡು ನೋಡಿದರು. "ಅರೇ! ದಿನಾ ನಾನೇ ಪಿನ್ ಹೊಡೀತೀನಿ, ಖರೇ ಒಂದಿನಾನೂ ನೋಡಿಲ್ಲ."

"ಹಳೇವು ಎಷ್ಟಿವೆ?"

"ಎಲ್ಲಾ ಇದೆ. ನಾನು ಕಾಗದ ಬಿಸಾಕೋ ಪೈಕಿ ಅಲ್ಲ. ಹೆಂಡತಿ ಇದಕ್ಕೇ ಬೈತಾಳೆ."

ಆರು ತಿಂಗಳ ಫೈಲುಗಳನ್ನು ಇಬ್ಬರೂ ಇಳಿಸಿದೆವು. ಅನ್ವರ್ ಸಮಯ ಓದಿದರು, ನಾನು ಬರೆದೆ. ದಿನದಿನವೂ ನಂತರ ಹುಟ್ಟಿದ ಬಿಲ್ಲು ಎಂಟು ಒಂಬತ್ತು ನಿಮಿಷ ಮೊದಲೇ ಹುಟ್ಟಿತ್ತು. ನಡುವೆ ಅನ್ವರ್ ಅಂಕಿ ತುಂಬುವ ಒಂದೆರಡು ನಿಮಿಷವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲೇ ಇಲ್ಲ. ಸರ್ವರ್ ಕನಿಷ್ಠ ಎಂಟು ನಿಮಿಷ ಮುಂದಿತ್ತು ಎಂದಷ್ಟೇ ಹೇಳಿದರೂ ಸಾಕು, ಒಂದೂವರೆ ನಿಮಿಷದ ತಡ ಉಳಿಯುವುದಿಲ್ಲ. ಸೆಲ್ವಿಯ ಮೆಮೊಗಳ ಒಂದೊಂದು ದಿನದ ಎದುರೂ ಆ ದಿನದ ಲಾರಿಯ ಕಾಗದ ಇಟ್ಟೆ. ಮಾತಿಗೆ ಜಾಗ ಬಿಡದ ಹಾಗೆ ಪಟ್ಟಿ ಮಾಡಿದೆ.

ವಿಚಾರಣೆ ಜಯದೇವ್ ಅವರ ಕೋಣೆಯಲ್ಲೇ. ಆರೋಪ ಹೊರಿಸಿದವರೂ ಅವರೇ, ವಿಚಾರಿಸುವವರೂ ಅವರೇ. ನೆತ್ತಿಯ ಮೇಲೆ ಐದು ನಿಮಿಷ ಮುಂದಿದ್ದ ಅದೇ ಗಡಿಯಾರ. ನಾನು ಪಟ್ಟಿಯನ್ನು ಮೇಜಿನ ಮೇಲಿಟ್ಟು ಒಂದೊಂದಾಗಿ ಓದಿದೆ. ನನಗೆ ಜನರೆದುರು ಮಾತಾಡಿ ಅಭ್ಯಾಸವಿಲ್ಲ.

ಪೂರ್ತಿ ಕೇಳಿದ ಮೇಲೆ ಅವರು ಹೇಳಿದರು: "ಇರಲಿ. ಸರ್ವರ್ ಟೈಂ ಅಂದ್ರೆ ಕಂಪನಿ ಟೈಂ. ಕಂಪನಿ ಟೈಂಗೆ ಬರೋದು ಕೆಲಸದವರ ಕರ್ತವ್ಯ."

"ಆ ಟೈಂ ಎಷ್ಟು ಅಂತ ಯಾರಿಗೆ ಗೊತ್ತಿತ್ತು ಸಾರ್?" ಎಂದರು ಸೆಲ್ವಿ. "ನಿಮಗೇ ಗೊತ್ತಿರಲಿಲ್ಲ."

ಆಗ ಮೂಲೆಯಲ್ಲಿ ದಾಖಲೆ ಬರೆಯಲು ಕೂತಿದ್ದ ಶಿವಾನಂದಪ್ಪನವರು ಪೆನ್ನು ಕೆಳಗಿಟ್ಟು ಎದ್ದರು. "ಗಡಿಯಾರ ಇಟ್ಟೋನು ನಾನು. ಐದರ ಮೇಲೆ ಐದು ಇಟ್ಟೆ. ಮೆಮೊ ಕೊಡೋದಿದ್ರೆ ನನಗೆ ಕೊಡಿ, ಆ ಹೆಣ್ಣುಮಗಳಿಗೆ ಬೇಡ."

ಕೊಟ್ಟರು. ಐದು ಸೇರಿಸು ಎಂದು ಹೇಳಿದವರಿಗೆ ಯಾರೂ ಕೊಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಸೆಲ್ವಿಗೆ ಒಂದು ಪತ್ರ ಬಂತು. 'ತಡವಾಗಿ ಹಾಜರಾದುದನ್ನು ಮಾನವೀಯ ದೃಷ್ಟಿಯಿಂದ ಮನ್ನಾ ಮಾಡಲಾಗಿದೆ.' ಕೆಳಗೆ ಅವರ ಸಹಿಗೆ ಜಾಗ. ಸಹಿ ಮಾಡಿದರೆ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ. ಅವರು ಪತ್ರವನ್ನು ನನ್ನ ಬಳಿ ತಂದು ಓದಿಸಿಕೊಂಡರು. ಅವರಿಗೆ ಕನ್ನಡ ಓದಲು ಬರುತ್ತಿತ್ತು. ತಾನು ಸರಿಯಾಗಿ ಓದಿದ್ದೇನಾ ಎಂದು ಖಾತ್ರಿ ಮಾಡಿಕೊಳ್ಳಲು ತಂದಿದ್ದರು.

"ಮನ್ನಾ ಅಂದ್ರೆ ಕ್ಷಮಿಸೋದು ಅಲ್ವಾ ಮೇಡಂ?"

"ಹೌದು."

"ನಾನು ಲೇಟ್ ಬಂದಿಲ್ಲ. ಕ್ಷಮೆ ಯಾಕೆ ತಗೊಳ್ಳಲಿ?"

"ಸಂಜೆ ಪಟ್ಟಿ ಹೋಗುತ್ತೆ ಸೆಲ್ವಿ."

"ಹೋಗಲಿ. ಇದಕ್ಕೆ ಸಹಿ ಹಾಕಿದ್ರೆ ಹನ್ನೊಂದು ವರ್ಷ ಲೇಟ್ ಬಂದೋಳು ಅಂತ ನಾನೇ ಒಪ್ಪಿಕೊಂಡಂಗೆ."

ನನಗೆ ಅವರಿಗೆ ಬುದ್ಧಿ ಹೇಳುವ ಯೋಗ್ಯತೆ ಇರಲಿಲ್ಲ. ಜಯದೇವ್ ಅವರು ಕೊಟ್ಟ ದೃಢೀಕರಣದ ಹಾಳೆ ಇನ್ನೂ ನನ್ನ ಡ್ರಾಯರಿನಲ್ಲಿ, ಸಹಿಯಿಲ್ಲದೆ, ಹರಿಯದೆ ಬಿದ್ದಿತ್ತು. ಅದರ ಹಿಂದಿನ ಖಾಲಿ ಪುಟದಲ್ಲಿ ಬರೆದೆ: ಸರ್ವರಿನ ಗಡಿಯಾರ ಆರು ತಿಂಗಳಿನಿಂದ ತಪ್ಪಾಗಿತ್ತು, ಅದರ ಪುರಾವೆ ಜೊತೆಗಿದೆ, ಸೆಲ್ವಿ ಅವರು ಯಾವ ದಿನವೂ ತಡವಾಗಿ ಬಂದಿಲ್ಲ. ಸಹಿ ಮಾಡಿದೆ. ಸೋಮವಾರ ನಮ್ಮ ಮಾಲು ಕೊಳ್ಳುವ ಕಂಪನಿಯಿಂದ ಆಡಿಟ್‌ಗೆ ಬರುವವರಿದ್ದರು. ಸರ್ವರಿನ ದಾಖಲೆಗಳ ಫೈಲು ನಾನೇ ತಯಾರಿಸಬೇಕಾದದ್ದು. ಮೊದಲ ಹಾಳೆಯಾಗಿ ಅದನ್ನೇ ಹಾಕಿ, ಒಂದು ಪ್ರತಿ ಜಯದೇವ್ ಅವರಿಗೆ ಕೊಟ್ಟೆ.

"ಇದನ್ನ ತೆಗಿ," ಎಂದರು.

"ತೆಗೆಯಲ್ಲ ಸಾರ್."

"ಇಲ್ಲಿ ಕೆಲಸ ಮಾಡ್ಬೇಕೋ ಬೇಡ್ವೋ?"

"ಸರಿಯಾದ ಟೈಂ ಬರೆದು ಕೊಡೋದೇ ನನ್ನ ಕೆಲಸ."

ಇಷ್ಟು ಹೇಳಿ ಬಂದು ಸರ್ವರ್ ಕೋಣೆಯಲ್ಲಿ ಕೂತೆ. ಮಧ್ಯಾಹ್ನ ಮೂರಕ್ಕೆ ಹೆಡ್ ಆಫೀಸಿನಿಂದ ಫೋನ್: ಸಮಯ ಕೇಳುವ ದಾರಿ ತೆರೆದಿದ್ದೇವೆ, ನೋಡಿ. ಮೂರು ವರ್ಷ, ಮೂರು ಮನವಿ. ತೆರೆಯಲು ಹಿಡಿದದ್ದು ಹತ್ತು ನಿಮಿಷ. ಸೆಲ್ವಿಗಾಗಿ ತೆರೆಯಲಿಲ್ಲ, ಆಡಿಟ್‌ನವರಿಗಾಗಿ ತೆರೆದರು. ಸರ್ವರ್ ಮೊದಲ ಸಲ ಹೊರಗಿನ ನಾಲ್ಕು ಗಡಿಯಾರಗಳನ್ನು ಕೇಳಿ ತನ್ನ ಚಾಳಿಯನ್ನು ಬರೆದುಕೊಳ್ಳುವುದನ್ನು ನೋಡುತ್ತಾ ಕೂತಿದ್ದೆ. ಖುಷಿಯಾಗಬೇಕಿತ್ತು.

ಮುಂದಿನ ತಿಂಗಳು ನನ್ನನ್ನು ಸ್ಟೋರ್ಸ್‌ಗೆ ಹಾಕಿದರು. ಒಂದು ವರ್ಷ ನಟ್ಟು ಬೋಲ್ಟು ಪಟ್ಟಿ ಮಾಡಿ ಬಿಟ್ಟೆ. ಅದರ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಹೇಳಬೇಕಾದದ್ದು ಆ ಶುಕ್ರವಾರದ ಸಂಜೆ.

ನಾಲ್ಕು ಗಂಟೆಗೆ ಹೊಸ ಪತ್ರ ಬಂತು. ಪಾಳಿ ಮುಗಿದರೂ ಮನೆಗೆ ಹೋಗದೆ ಕಾದಿದ್ದ ಸೆಲ್ವಿಯನ್ನು ಕರೆಸಿದರು, ನನ್ನನ್ನೂ. ಸೆಲ್ವಿ ನಿಂತೇ, ಬೆರಳಿಟ್ಟು, ಒಂದೊಂದು ಪದವನ್ನೂ ಗಟ್ಟಿಯಾಗಿ ಓದಿದರು. 'ಸದರಿ ದಿನಗಳಂದು ಸೆಲ್ವಿ ಅವರು ಸಮಯಕ್ಕೆ ಸರಿಯಾಗಿ ಹಾಜರಿದ್ದರು. ಮೆಮೊಗಳನ್ನು ರದ್ದುಪಡಿಸಲಾಗಿದೆ.' 'ಸಮಯಕ್ಕೆ ಸರಿಯಾಗಿ' ಎಂಬಲ್ಲಿಗೆ ಹಿಂದಿರುಗಿ ಇನ್ನೊಂದು ಸಲ ಓದಿದರು. ಶಿವಾನಂದಪ್ಪನವರು ಪೆನ್ನು ಕೊಟ್ಟರು.

"ಸಹಿ ಹಾಕಿ, ಕೆಳಗೆ ತಾರೀಖು, ಟೈಂ ಬರಿ," ಎಂದರು ಜಯದೇವ್ ಅವರು, ತಲೆ ಎತ್ತಿ ಗೋಡೆಯ ಗಡಿಯಾರ ನೋಡುತ್ತಾ. "ನಾಲ್ಕು ಇಪ್ಪತ್ತೆರಡು."

ಸೆಲ್ವಿ ಸಹಿ ಹಾಕಿದರು. ತಾರೀಖು ಬರೆದರು. ಪೆನ್ನು ಎತ್ತಿ ಹಿಡಿದು ನನ್ನ ಕಡೆ ತಿರುಗಿದರು.

"ಟೈಂ ಎಷ್ಟು ಮೇಡಂ?"

ಫೋನ್ ನೋಡಿ ಹೇಳಿದೆ. "ನಾಲ್ಕು ಹದಿನೇಳು."

ಅದನ್ನೇ ಬರೆದರು.